ನಾನು ಕೇಳಿಸಿಕೊಳ್ಳದ ಒಂದು ಸಣ್ಣ ಮಾತು

ಕುಷ್ಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಾನು ನಿವೃತ್ತಳಾದ ಮರುವರ್ಷ, ನಮ್ಮ ಶಾಲೆಯ ಹಳೆಯ ಜವಾನ ಒಂದು ಪತ್ರ ಹಿಡಿದು ಮನೆಗೆ ಬಂದ. ಅವನೂ ಆಗಲೇ ನಿವೃತ್ತನಾಗಿದ್ದ. ಹೊಸಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬಾ ಎಂದರೂ ಬಾರದೆ ಕಟ್ಟೆಯ ಮೇಲೆ ಕೂತು, ಲಕೋಟೆಯನ್ನು ಎರಡೂ ಕೈಯಲ್ಲಿ ನನ್ನತ್ತ ಚಾಚಿದ.

"ಅಕ್ಕಾರ, ಇದನ್ನಷ್ಟು ಓದಿ ಹೇಳ್ರಿ. ನಮ್ಮಕ್ಕನ ಮಗಳದು ಬಂದೈತಿ."

ನಮ್ಮ ಕಡೆ ಶಾಲೆಯ ಹೆಣ್ಣು ಟೀಚರಿಗೆ ಅಕ್ಕಾರು ಎನ್ನುವುದು ರೂಢಿ. ನಾನು ಮುಸ್ಲಿಂ ಮನೆಯವಳು, ಮನೆಯಲ್ಲಿ ಆಡುವುದು ದಖನಿ. ಆದರೂ ಇಡೀ ಕುಷ್ಟಗಿಗೆ ನಾನು ಅಕ್ಕಾರೇ. ಅಷ್ಟು ವರ್ಷ ಒಂದೇ ಶಾಲೆಯ ಗಂಟೆ, ಒಂದೇ ಅಂಗಳ ಹಂಚಿಕೊಂಡಿದ್ದರೂ ಅವನಿಗೆ ಒಬ್ಬ ಅಕ್ಕ ಇರುವುದು, ಆ ಅಕ್ಕನಿಗೆ ಮಗಳಿರುವುದು ನನಗೆ ಗೊತ್ತಿರಲಿಲ್ಲ. ಅವನೇ ಹೇಳಿದ.

ಅಕ್ಕನ ಊರು ಯಲಬುರ್ಗಾದ ಹತ್ತಿರದ ಹಳ್ಳಿ. ಮದುವೆಯಾದ ಮೇಲೆ ಗಂಡನ ಜೊತೆ ಗಂಗಾವತಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ನಿಂತಳು. ಒಂದು ಹೆಣ್ಣು ಹುಟ್ಟಿತು. ಗಂಡ ಒಂದು ದಿನ ಹೋದವನು ತಿರುಗಿ ಬರಲಿಲ್ಲ. ಹಗಲಿಡೀ ತೌಡಿನ ದೂಳಿನಲ್ಲಿ ನಿಂತು ಕೆಮ್ಮು ಹತ್ತಿದೆ ಎಂದುಕೊಂಡಳು. ಅದು ಕ್ಷಯ. ದೂರದ ಆಸ್ಪತ್ರೆಯಲ್ಲಿ ಮಲಗಿಸಿದಾಗ ಅವಳು ಉಳಿಯುತ್ತಾಳೆಂದು ಯಾರಿಗೂ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ಎರಡು ವರ್ಷದ ಮಗುವನ್ನು ಯಾವುದೋ ಪಟ್ಟಣದ ಮಕ್ಕಳ ಆಶ್ರಮಕ್ಕೆ ಕೊಟ್ಟು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಉಳಿದುಕೊಂಡಳು. ಎದ್ದು ಬಂದು ವಿಚಾರಿಸುವ ಹೊತ್ತಿಗೆ ಮಗು ಫ್ರಾನ್ಸಿನ ದಂಪತಿಯ ಮಡಿಲು ಸೇರಿತ್ತು.

"ಕಾಗದ ಎಲ್ಲಾ ಸರಿ ಇದ್ದೂರಿ. ಯಾರದೂ ತಪ್ಪಿಲ್ಲ. ನಮ್ಮಕ್ಕ ಬದುಕಿದ್ದ ತಪ್ಪಾತು ನೋಡ್ರಿ" ಎಂದ ಜವಾನ.

ಪತ್ರದಲ್ಲಿ ಎರಡು ಹಾಳೆಗಳಿದ್ದವು. ಮೊದಲನೆಯದು ಇಂಗ್ಲಿಷ್, ಶಾಲೆಯಲ್ಲಿ ಕಲಿತ ಇಂಗ್ಲಿಷ್. ನಾನು ಇಂಥವಳು, ಒಂದು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ನನ್ನನ್ನು ಹೆತ್ತವರು ಯಾರೆಂದು ಬಹಳ ವರ್ಷದಿಂದ ಹುಡುಕಿದೆ, ಆಶ್ರಮದ ಹಳೆಯ ಕಾಗದದಲ್ಲಿ ಈ ವಿಳಾಸ ಸಿಕ್ಕಿತು, ಎಂದು ಬರೆದಿದ್ದಳು. ಎರಡನೆಯದು ಪೂರ್ತಿ ಫ್ರೆಂಚ್. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ತನಗೆ ಬರುವುದಿಲ್ಲ, ಕ್ಷಮಿಸಿ ಎಂದು ಮೊದಲ ಹಾಳೆಯ ಕೊನೆಯ ಸಾಲಿನಲ್ಲಿತ್ತು.

"ಇದು ನನಗ ಬರೂದಿಲ್ಲಪ್ಪ, ಬ್ಯಾರೆ ಭಾಷಾ."

ಅವನು ಬಗ್ಗಿ ಹಾಳೆ ನೋಡಿದ. "ಬ್ಯಾರೆ ಹ್ಯಾಂಗ್ರಿ ಅಕ್ಕಾರ? ಅದ ಎ ಬಿ ಸಿ ಡಿ ಐತಲ್ರಿ ಇದೂ."

ಅವನ ಮುಖದಲ್ಲಿದ್ದ ನಂಬಿಕೆಯನ್ನು ನೋಡಿ, ಒಂದು ವಾರ ಬಿಟ್ಟು ಬಾ, ನೋಡುತ್ತೇನೆ ಎಂದುಬಿಟ್ಟೆ. ಕರುಣೆಯಿಂದ ಹೇಳಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಅರ್ಧ ಜಂಬ.

ಹುಬ್ಬಳ್ಳಿಗೆ ಹೋದ ಸಂಬಂಧಿಕರಿಂದ ಒಂದು ಇಂಗ್ಲಿಷ್-ಫ್ರೆಂಚ್ ನಿಘಂಟು, ಒಂದು ಕಲಿಕೆಯ ಪುಸ್ತಕ ತರಿಸಿದೆ. ನನ್ನ ಗಂಡ ದಾಳಿಂಬೆ ವ್ಯಾಪಾರದವರು. ಕ್ರೇಟುಗಳ ಮಧ್ಯೆ ಕೂತು ನಾನು ಮೂಗಿನಿಂದ ಸ್ವರ ಹೊರಡಿಸುವುದನ್ನು ಕೇಳಿ, "ಇತ್ತೀ ಉಮರ್ ಮೇ ಅಬ್ ಯೇ ಕೈಕು ಜೀ?" ಎಂದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು. ನಾನು ಮುಂದಿನ ಪುಟ ತಿರುವಿದೆ.

ದೊಡ್ಡ ಮಾತುಗಳು ತೊಂದರೆ ಕೊಡಲಿಲ್ಲ. ಮನೆ, ತಾಯಿ, ನೀರು, ಹೊಲ, ಇವೆಲ್ಲ ನಿಘಂಟಿನಲ್ಲಿ ಒಂದಕ್ಕೊಂದು ಎದುರು ನಿಂತಿರುತ್ತವೆ. ನನ್ನನ್ನು ಸೋಲಿಸಿದ್ದು ಸಣ್ಣ ಮಾತುಗಳು. ಇಂಗ್ಲಿಷಿನ ಒಂದು 'ಫಾರ್'ಗೆ ಅವರಲ್ಲಿ ಒಂದು ಕಡೆ 'ಪೂರ್', ಇನ್ನೊಂದು ಕಡೆ 'ಪಾಂದಾಂ', ಮತ್ತೊಂದು ಕಡೆ 'ದಪ್ವಿ'. ನಿನಗಾಗಿ ಎನ್ನಲು ಒಂದು, ಮೂರು ದಿನ ಇದ್ದೆ ಎನ್ನಲು ಒಂದು, ಮೂರು ದಿನದಿಂದ ಇದ್ದೇನೆ ಎನ್ನಲು ಇನ್ನೊಂದು. ಉತ್ತರದಲ್ಲಿ ಬರೆಯಲು ತಾಯಿ ಜವಾನನ ಕೈಯಲ್ಲಿ ಹೇಳಿ ಕಳಿಸಿದ್ದ "ಇಷ್ಟು ವರ್ಷದಿಂದ ನಿನ್ನ ನೆನಸ್ತೀನಿ" ಎಂಬ ಸಾಲಿಗೆ ಯಾವುದನ್ನು ಹಾಕುವುದು ಎಂದು ನಾನು ಎರಡು ದಿನ ಕೂತಿದ್ದೆ. ತಪ್ಪು ಹಾಕಿದರೆ, ನೆನೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದಾಗಿಬಿಡುತ್ತದೆ.

ಹೋಲಿಕೆಯ ಮಾತುಗಳು ಇನ್ನೂ ಕಷ್ಟ. ನಮ್ಮಲ್ಲಿ ಹೋಲಿಸಿದಾಗ ಗುಣದ ಮಾತು ಕದಲುವುದಿಲ್ಲ. ಛಲೋ ಎಂದರೆ ಛಲೋ. ನನಗಿಂತ ಛಲೋ ಎಂದರೂ ಅದೇ ಛಲೋ, ಪಕ್ಕದಲ್ಲೊಂದು 'ಇಂತ' ಬಂದು ಕೂರುತ್ತದೆ ಅಷ್ಟೆ. ದಖನಿಯಲ್ಲೂ 'ಮೇರೆ ಸೇ ಅಚ್ಛಾ'. ಅವರಲ್ಲಿ ಹಾಗಲ್ಲ. ಹೆಚ್ಚಿಗೆ ಒಂದು, ಕಡಿಮೆಗೆ ಒಂದು, ಸಮಕ್ಕೆ ಒಂದು. ಮೇಲಾಗಿ ಛಲೋ ಇರುವವನಿಗೆ 'ಮೆಯ್ಯೂರ್', ಛಲೋ ಮಾಡುವವನಿಗೆ 'ಮಿಯೂ'. ಹೆಚ್ಚು ಎನ್ನುವ 'ಪ್ಲ್ಯೂಸ್' ಅಂತೂ ನನ್ನ ಜೀವ ತಿಂದಿತು. ಕೊನೆಯ ಸಕಾರ ಕೆಲವು ಕಡೆ ಕೇಳಿಸುತ್ತದೆ, ಕೆಲವು ಕಡೆ ಕೇಳಿಸುವುದಿಲ್ಲ. ಒಂದು ಕಡೆ ಅದರ ಅರ್ಥ 'ಇನ್ನೂ ಹೆಚ್ಚು', ಇನ್ನೊಂದು ಕಡೆ 'ಇನ್ನು ಮೇಲೆ ಇಲ್ಲ'. ಇಂಥ ಭಾಷೆಯೂ ಇರುತ್ತದೆಯೇ ಎಂದು ಸಿಟ್ಟು ಬಂತು. ಆಮೇಲೆ ನಮ್ಮದೇ 'ಇನ್ನು' ನೆನಪಾಯಿತು. ಇನ್ನೂ ಬೇಕು ಎನ್ನುತ್ತೇವೆ, ಇನ್ನು ಬೇಡ ಎಂದೂ ಎನ್ನುತ್ತೇವೆ. ಹೊರಗಿನವರು ನಮ್ಮದನ್ನು ಕಲಿಯುವಾಗ ಅವರಿಗೂ ಹೀಗೇ ಆಗುತ್ತಿರಬೇಕು.

ಆ ಎರಡನೆಯ ಹಾಳೆಯನ್ನು ಓದಲು ಮೂರು ವಾರ ಹಿಡಿಯಿತು. ಮೊಬೈಲಿನಲ್ಲಿ ಫೋಟೊ ತೆಗೆದರೆ ಕನ್ನಡವೋ ಇಂಗ್ಲಿಷೋ ಹೇಗೋ ಬರುತ್ತದೆ ಎಂದು ನೆರೆಮನೆಯವರು ಹೇಳಿದರು. ಅವಳ ಕೂಡಿಸಿ ಬರೆದ ಕೈಬರಹಕ್ಕೆ ಅದೂ ಸೋತಿತು. ನಾನೇ ಒಂದೊಂದೇ ಮಾತು ಬಿಡಿಸಿ, ಜವಾನನ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಆಕೆ ಆ ಕಡೆಯಿಂದ "ಹೂಂರಿ", "ಹೂಂರಿ" ಎನ್ನುತ್ತ ಕೇಳಿದಳು. ಮುಗಿದ ಮೇಲೆ, "ಅಕ್ಕಾರ, ಮತ್ತೊಮ್ಮಿ ಮೊದಲಿಂದ ಹೇಳ್ರಿ" ಎಂದಳು.

ಆಮೇಲೆ ಈಮೇಲುಗಳು ಶುರುವಾದವು. ನಿನ್ನ ಸಲುವಾಗಿ ಫ್ರೆಂಚ್ ಕಲಿಯುತ್ತಿದ್ದೇನೆ ಎಂದು ನಾನು ಮಗಳಿಗೆ ಬರೆದೆ. ಅವಳಿಗೆ ಆದ ಸಂತೋಷ ಹೇಳತೀರದು. ಅಲ್ಲಿಂದ ಮುಂದೆ ಇಂಗ್ಲಿಷ್ ಕಡಿಮೆ ಮಾಡಿ ಫ್ರೆಂಚನ್ನೇ ಬರೆಯತೊಡಗಿದಳು. ಬೇಡ, ಇಂಗ್ಲಿಷಿನಲ್ಲೇ ಬರಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ.

ಒಂದು ಡಿಸೆಂಬರಿನಲ್ಲಿ ಅವಳು ಬಂದಳು. ಕೊಪ್ಪಳದ ರೈಲು ನಿಲ್ದಾಣದಲ್ಲಿ ನಾನು, ಜವಾನ ಇಬ್ಬರೂ ಕಾದು ನಿಂತಿದ್ದೆವು. ಇಳಿದವಳನ್ನು ನೋಡಿ ಜವಾನ, "ನಮ್ಮಕ್ಕನ ನಡಿಗೀರಿ, ಅದ ನಡಿಗಿ" ಎಂದು ಪಿಸುಗುಟ್ಟಿದ. ತಾಯಿ ಕೆಲಸ ಮಾಡಿದ ಊರನ್ನು ಮೊದಲು ನೋಡಬೇಕೆಂದು ಅವಳೇ ಬರೆದಿದ್ದಳು. ಗಂಗಾವತಿಗೆ ಕರೆದೊಯ್ದೆವು. ಆ ಹಳೆಯ ಗಿರಣಿ ಈಗ ಇರಲಿಲ್ಲ. ಪಕ್ಕದ ಇನ್ನೊಂದು ಗಿರಣಿಯ ಬಾಗಿಲಲ್ಲಿ ನಿಂತು, ಒಳಗಿನ ದೂಳನ್ನು ನೋಡುತ್ತ, ಬಹಳ ಹೊತ್ತು ಮೂಗು ಬಾಯಿ ಮುಚ್ಚಿಕೊಳ್ಳದೆ ಉಸಿರಾಡಿದಳು. ಲೋಡು ಹೊರುತ್ತಿದ್ದವರು ಅವಳನ್ನೇ ನೋಡುತ್ತಿದ್ದರು. ನಮ್ಮವರ ಹಾಗೇ ಇದ್ದಾಳೆ, ಆದರೆ ನಿಂತ ರೀತಿ ನಮ್ಮವರದಲ್ಲ.

ಮರುದಿನ ಬೆಳಿಗ್ಗೆ ಯಲಬುರ್ಗಾ ದಾಟಿ ಹಳ್ಳಿಗೆ ಹೋದೆವು. ತಾಯಿ ಊರಲ್ಲೇ ಇದ್ದ ಇನ್ನೊಬ್ಬ ತಮ್ಮನ ಮನೆಯ ಮಗ್ಗುಲಲ್ಲಿ ಎರಡು ಖೋಲಿಯ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಅಳು, ಅಪ್ಪುಗೆ ಎಲ್ಲ ಆಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮಗಳು "ಅವ್ವ" ಎಂದಳು, ನಾನು ಕಲಿಸಿದ್ದೆ. ತಾಯಿ ಅವಳ ಮುಖ ನೋಡದೆ ಕಾಲು ನೋಡಿದಳು. ಆಮೇಲೆ ಬಗ್ಗಿ ಅವಳ ಎಡಗಾಲ ಹಿಮ್ಮಡಿಯ ಮೇಲಿನ ಸುಟ್ಟ ಕಲೆಯನ್ನು ಬೆರಳಿಂದ ಮುಟ್ಟಿದಳು. "ಇದು ನನ್ನ ಕೈಯಾಗ ಆದದ್ದು. ಒಲಿ ಮುಂದ ಆಡಾಕ ಬಿಟ್ಟಿದ್ನಿ" ಎಂದಳು. ನಾನು ಅನುವಾದಿಸಿದೆ. ಆ ಕಲೆ ಹೇಗೆ ಬಂತೆಂದು ಮಗಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಇಬ್ಬರೂ ಚಾಪೆಯ ಮೇಲೆ ಕೂತರು. ನಾನು ನಡುವೆ. ಜವಾನ ಬಾಗಿಲಲ್ಲಿ. ಒಂದು ತಾಸು ನನ್ನ ಇಂಗ್ಲಿಷು, ನನ್ನ ಅರೆಬರೆ ಫ್ರೆಂಚು, ನನ್ನ ಕನ್ನಡ ಹೇಗೋ ನಡೆದವು. ನಡೆಯುತ್ತಿವೆ ಎಂಬ ಹೆಮ್ಮೆಯೂ ನನಗಿತ್ತು. ಆಗ ತಾಯಿ ಹೇಳಿದಳು:

"ಅಕ್ಕಾರ, ಆಕಿಗೆ ಹೇಳ್ರಿ. ನಾ ಸಾಯ್ತೀನಿ ಅಂತ ತಿಳದು ಕೊಟ್ನಿ. ಬದುಕತೀನಿ ಅಂತ ಗೊತ್ತಿದ್ರ ಕೊಡತಿದ್ದಿಲ್ಲ."

ಹೇಳಿದೆ. ಇಂಗ್ಲಿಷಿನಲ್ಲೇ ಹೇಳಿದೆ, ಅದು ತಪ್ಪಲಿಲ್ಲ. ಮಗಳು ನನ್ನತ್ತ ತಿರುಗದೆ, ತಾಯಿಯ ಎರಡೂ ಕೈ ಹಿಡಿದು, ಅವಳ ಕಣ್ಣನ್ನೇ ನೋಡುತ್ತ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಒಂದು ಸಾಲು ಹೇಳಿದಳು. ಅದು ಅವಳದೇ ಭಾಷೆಯಲ್ಲಿತ್ತು.

"ಜ ನ ತಾಂ ವ ಪ್ಲ್ಯೂ, ಅವ್ವ."

ನಾನು ಅದನ್ನು ಪಾಠದ ಹಾಗೆ ಬಿಡಿಸಿದೆ. 'ಜ' ಎಂದರೆ ನಾನು. 'ವ' ಎಂದರೆ ಬೇಕು. 'ನ' ಮತ್ತು 'ಪ್ಲ್ಯೂ' ಸೇರಿದರೆ ಇನ್ನು ಮೇಲೆ ಇಲ್ಲ. ನಡುವೆ 'ತ' ಎಂದರೆ ನೀನು. ತ ಎಂಬುದಕ್ಕೆ ಹತ್ತಿಕೊಂಡು ಒಂದು ಮೂಗಿನ ಸ್ವರ ಬಂದಿತ್ತು, 'ಆಂ' ಎಂದು. ಅದು ನನ್ನ ಕಿವಿಗೆ ಬಿತ್ತು. ಅಷ್ಟು ಸಣ್ಣದಕ್ಕೆ ಏನು ಅರ್ಥ ಎಂದು ಬಿಟ್ಟೆ.

ಅಷ್ಟು ದೂರದಿಂದ ಬಂದವಳು ಹೀಗೆ ಹೇಳಬಹುದೇ ಎಂದು ಒಂದು ಕ್ಷಣ ಅನುಮಾನವೂ ಬಂತು. ಆದರೆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಂದ್ಳ್ರಿ?"

"ಏನಿಲ್ಲವ್ವ."

"ಅಕ್ಕಾರ, ಇದ್ದದ್ದ ಹೇಳ್ರಿ. ಮುಚ್ಚಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ."

ಅನುವಾದ ಮಾಡುವವರು ಸುಳ್ಳು ಹೇಳಬಾರದು ಎಂಬ ಒಂದು ನೀತಿ ಆ ಹೊತ್ತಿಗೆ ನನ್ನ ತಲೆಯಲ್ಲಿ ಎದ್ದು ನಿಂತಿತು. ಹೇಳಿಬಿಟ್ಟೆ. "ನೀ ನನಗ ಇನ್ನ ಮ್ಯಾಲ ಬ್ಯಾಡ ಅಂತಾಳವ್ವ."

ತಾಯಿ ಅಳಲಿಲ್ಲ. ತಲೆ ಆಡಿಸಿದಳು. ಮಗಳ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಖರೆ ಐತಿ ಬಿಡ್ರಿ. ನಾ ಯಾಕ ಬೇಕು ಆಕಿಗೆ?" ಎಂದು ಎದ್ದು ಒಳಗೆ ಹೋದಳು. ಮಗಳು ಖಾಲಿ ಕೈ ಹಾಗೇ ಇಟ್ಟುಕೊಂಡು, ಅಮ್ಮ ಏನೆಂದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಸರಿ ಎಂದರು, ಎಂದೆ.

ತಾಯಿ ಹೊರಗೆ ಬಂದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಬಂದ ಬೀಗರಿಗೆ ಬಡಿಸುವ ಹಾಗೆ, ಮರ್ಯಾದೆಯಿಂದ, ಒಂದೂ ಕಡಿಮೆ ಮಾಡದೆ. ಯಾರೂ ಹೆಚ್ಚು ತಿನ್ನಲಿಲ್ಲ. ಹೊತ್ತು ಇಳಿಯುವ ಮೊದಲೇ ನಾವು ಹೊರಟೆವು. ಎರಡು ದಿನ ಬಿಟ್ಟು ಮಗಳು ರೈಲು ಹತ್ತಿದಳು.

ನಾಲ್ಕು ತಿಂಗಳು ಈಮೇಲ್ ಬರಲಿಲ್ಲ. ನಾನೂ ಬರೆಯಲಿಲ್ಲ. ಬೇಸಿಗೆಯಲ್ಲಿ ಒಂದು ಬಂತು, ಚಿಕ್ಕದು, ಇಂಗ್ಲಿಷಿನಲ್ಲಿ. ಅದರ ಸಾರ ಇಷ್ಟು: 'ನಿಮಗೆ ಕೃತಜ್ಞತೆ ಹೇಳದೆ ಇದ್ದದ್ದು ತಪ್ಪು. ನನಗೆ ಬರೆಯುವ ಶಕ್ತಿ ಇರಲಿಲ್ಲ. ನಿನ್ನ ಮೇಲೆ ನನಗೆ ಈಗ ಸಿಟ್ಟಿಲ್ಲ ಎಂದು ಅಮ್ಮನಿಗೆ ಹೇಳಲು ಎಷ್ಟೋ ವರ್ಷ ಕಾದಿದ್ದೆ. ಹೇಳಿದ ಕೂಡಲೇ ಅವರು ಕೈ ಬಿಡಿಸಿಕೊಂಡರು. ನನ್ನ ಕ್ಷಮೆ ಅವರಿಗೆ ಬೇಕಿರಲಿಲ್ಲ ಎಂದು ಅರ್ಥವಾಯಿತು.'

ನಾನು ನಿಘಂಟು ತೆಗೆದೆ. ಬೇಕು ಎಂಬ ಮಾತಿನ ಕೆಳಗೆ, ಪುಟದ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಆ 'ಆಂ' ಮುಂದೆ ಬಂದು ಕೂತರೆ ಬೇಕು ಎಂಬುದು ಬೇಕು ಅಲ್ಲ, ಸಿಟ್ಟು ಇಟ್ಟುಕೊಳ್ಳುವುದು. ನಿನ್ನ ಮೇಲೆ ನನಗಿನ್ನು ಸಿಟ್ಟಿಲ್ಲ. ಅವಳು ಹೇಳಿದ್ದು ಅಷ್ಟೇ. ಆ ಪುಟವನ್ನು ನಾನು ಎಷ್ಟೋ ಸಲ ತೆರೆದಿದ್ದೆ. ಕೆಳಗಿನವರೆಗೆ ಓದಿರಲಿಲ್ಲ.

ಗಂಡ ಊಟಕ್ಕೆ ಕರೆದರು. ಎದ್ದು ಹೋಗಲು ಆಗಲಿಲ್ಲ.

ಮಗಳಿಗೆ ಆ ದಿನವೇ ಎಲ್ಲ ಬರೆದೆ. ತಪ್ಪು ನನ್ನದು, ನಿಮ್ಮಮ್ಮನದಲ್ಲ ಎಂದೆ. ಮರುದಿನ ಬೆಳಿಗ್ಗೆ ಯಲಬುರ್ಗಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಹೋದೆ. ತಾಯಿ ಅಂಗಳದಲ್ಲಿ ಮೊರದ ಮುಂದೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ನನಗೆ ಅರ್ಧಂಬರ್ಧ ಬರುತ್ತಿತ್ತು, ಪೂರ್ತಿ ಬರುತ್ತದೆ ಅಂತ ತೋರಿಸಿಕೊಂಡೆ, ಆಕೆ ಅಂದದ್ದು ಇದು, ನಾನು ಹೇಳಿದ್ದು ಅದು.

ಆಕೆ ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಹೇಳಿದಳು:

"ಕುಂದರ್ರಿ ಅಕ್ಕಾರ. ಬಿಸಲಾಗ ಬಂದೀರಿ. ನನ್ನ ಸಲುವಾಗಿ ಇಷ್ಟು ತ್ರಾಸ ಯಾಕ ತಗೊಂಡ್ರಿ?"

"ತ್ರಾಸಲ್ಲವ್ವ, ಖರೆ ಹೇಳಾಕ ಬಂದೀನಿ."

"ಅವತ್ತೂ ಖರೆ ಅಂತನ ಹೇಳಿದ್ರಿ."

ಆಕೆಯ ದನಿಯಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು. ಆಕೆಯೇ ಮುಂದುವರಿಸಿ, "ನೀ ಬ್ಯಾಡ ಅನ್ನೂ ಆ ಮಾತು ಆಕಿ ಅಂತಾಳಂತ ನಾ ಇಷ್ಟು ವರ್ಷ ಕಾದಿದ್ನಿ. ಅಂದ್ಲು, ಮುಗೀತು. ಈಗ ನೀವು ಬಂದು ಅಂದಿಲ್ಲ ಅಂತೀರಿ. ಯಾವುದು ಹಿಡೀಲಿ ನಾನು?" ಎಂದಳು.

ಮುಂದಿನ ಭಾನುವಾರ ವಿಡಿಯೊ ಕರೆ ಮಾಡಿಸಿದೆ. ಈ ಸಲ ತಪ್ಪಬಾರದೆಂದು ಮಗಳಿಗೆ ಕನ್ನಡದ ಸಾಲನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ್ದೆ. ಜವಾನ ಫೋನು ಹಿಡಿದು ನಿಂತ. ಮಗಳ ಮುಖ ಬಂತು. ಅಲ್ಲಿ ಆಗ ಬೆಳಗು, ಕಿಟಕಿಯ ಹಿಂದೆ ಮಂಜು. ಅವಳು ಚೀಟಿ ನೋಡಿಕೊಂಡು, ಒಂದೊಂದೇ ಅಕ್ಷರಕ್ಕೆ ಒತ್ತು ಕೊಟ್ಟು, "ಅವ್ವ, ನನಗೆ ನಿನ್ನ ಮೇಲೆ ಸಿಟ್ಟು ಇಲ್ಲ" ಎಂದಳು. ಹೇಳಿ ಅತ್ತಳು.

ತಾಯಿ ಪರದೆಯನ್ನು ಬಹಳ ಹೊತ್ತು ನೋಡಿದಳು. ನನ್ನ ಕಡೆ ತಿರುಗಿದಳು.

"ಇದು ನೀವು ಕಲಿಸಿದ್ದಲ್ರಿ?"

"ಹೌದವ್ವ. ಆಕಿ ಮಾತನ್ನ ಕಲಿಸೀನಿ."

"ಆಕಿ ಮಾತು ಯಾವುದು, ನಿಮ್ಮ ಮಾತು ಯಾವುದು, ನಾ ಹ್ಯಾಂಗ ತಿಳೀಲಿ ಅಕ್ಕಾರ?"

ಮಗಳು ಆ ಕಡೆಯಿಂದ ಏನಾಯಿತು ಎಂದು ಕೇಳುತ್ತಿದ್ದಳು. ನಾನು ಇದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಕರೆ ಮುಗಿಸೋಣವೇ ಎಂದು ಜವಾನ ಕಣ್ಣಲ್ಲೇ ಕೇಳಿದ. ಆಗ ತಾಯಿ ಅಂದಳು, "ಒಂದು ಕೇಳ್ರಿ. ಸಾಕಿದ ಆ ತಾಯಿ ಆಕಿನ್ನ ನನಗಿಂತ ಛಲೋ ನೋಡ್ಕೊಂಡ್ಳೇನು?"

ನಾನು ಫ್ರೆಂಚಿನ ಗೊಡವೆಗೆ ಹೋಗಲಿಲ್ಲ. ಇಂಗ್ಲಿಷಿನಲ್ಲೇ ಕೇಳಿದೆ. ಮಗಳು ಬಾಯಿ ತೆರೆದಳು, ಮುಚ್ಚಿದಳು. ಹೆಚ್ಚು ಎಂದರೆ ಈ ತಾಯಿಗೆ ನೋವು, ಕಡಿಮೆ ಎಂದರೆ ಆ ತಾಯಿಗೆ ದ್ರೋಹ. ಕೊನೆಗೆ, "ಓತ್ರಮಾಂ" ಎಂದಳು. ನನಗೆ ಅರ್ಥ ಗೊತ್ತಿದ್ದರೂ, ಇಂಗ್ಲಿಷಿನಲ್ಲಿ ಏನು ಎಂದು ಕೇಳಿಕೊಂಡೆ. ಬೇರೆ ರೀತಿಯಲ್ಲಿ, ಎಂದಳು.

"ಬ್ಯಾರೆ ಥರ ನೋಡ್ಕೊಂಡಾಳಂತವ್ವ."

"ಬ್ಯಾರೆ ಅಂದ್ರ? ಹೆಚ್ಚೋ ಕಡಿಮಿಯೋ?"

"ಅಷ್ಟ ಹೇಳ್ಯಾಳ. ಹೆಚ್ಚೂ ಅಂದಿಲ್ಲ, ಕಡಿಮಿನೂ ಅಂದಿಲ್ಲ."

ಆಕೆ ಅದನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡಳು. ಬ್ಯಾರೆ ಥರ. ಆಮೇಲೆ ಪರದೆಯ ಕಡೆ ನೋಡಿ, ನನ್ನನ್ನು ಕೇಳದೆ, ನೇರವಾಗಿ ಮಗಳಿಗೆ, "ಉಂಡೀಯೇನವ್ವ?" ಎಂದಳು. ಮಗಳಿಗೆ ಅದು ತಿಳಿಯಲಿಲ್ಲ. ಆದರೂ ತಲೆ ಆಡಿಸಿದಳು. ನಾನು ಅದನ್ನು ಅನುವಾದಿಸಲಿಲ್ಲ. ಮಾಡಬೇಕಿತ್ತೋ ಏನೋ.

ಮುಂದಿನ ಚಳಿಗಾಲದಲ್ಲಿ ಮಗಳು ಮತ್ತೆ ಬಂದಳು. ನಾವು ಹಳ್ಳಿಗೆ ಹೊರಡುವ ಹಿಂದಿನ ದಿನ ತಾಯಿ ಜವಾನನ ಕೈಯಲ್ಲಿ ನನಗೊಂದು ಮಾತು ಹೇಳಿ ಕಳಿಸಿದ್ದಳು: "ಅಕ್ಕಾರು ಬರಲಿ, ಊಟ ಮಾಡಲಿ. ಆದ್ರ ನಡುವ ಕುಂದ್ರೂದು ಬ್ಯಾಡ." ಅದನ್ನು ಹೇಳಲು ಅವನಿಗೆ ಬಹಳ ಸಂಕೋಚವಾಗಿತ್ತು. ನನಗೆ ಮೊದಲು ಅವಮಾನವಾಯಿತು, ಆಮೇಲೆ ಹಗುರವಾಯಿತು, ಆಮೇಲೆ ಮತ್ತೆ ಭಯವಾಯಿತು. ನಾನಿಲ್ಲದೆ ಅವರು ಏನು ಮಾತಾಡುತ್ತಾರೆ?

ನಾನು, ಜವಾನ ಹೊರಗೆ ಬೇವಿನ ನೆರಳಲ್ಲಿ ಕೂತೆವು. ಒಳಗಿಂದ ಎರಡು ತಾಸು ಸರಿಯಾದ ಮಾತೇ ಕೇಳಿಸಲಿಲ್ಲ. ಒಮ್ಮೆ ಪಾತ್ರೆಯ ಸದ್ದು, ಒಮ್ಮೆ ತಾಯಿಯ ಕೆಮ್ಮು, ಒಮ್ಮೆ ಮಗಳು ಏನೋ ಉದ್ದವಾಗಿ ಹೇಳಿದ್ದು, ಅದಕ್ಕೆ ತಾಯಿ "ಹೂಂ" ಎಂದದ್ದು. ಆ ಉದ್ದದ ಮಾತಿನಲ್ಲಿ ಕೆಲವು ಪದ ನನ್ನ ಕಿವಿಗೆ ಬಿದ್ದವು. ಜೋಡಿಸಿ ಅರ್ಥ ಮಾಡಲು ಹೋಗಲಿಲ್ಲ.

ಸಂಜೆ ಮಗಳನ್ನು ಅಲ್ಲೇ ಬಿಟ್ಟು ನಾವಿಬ್ಬರೇ ಬಸ್ಸಿಗೆ ಬಂದೆವು. ಅವಳು ಆ ರಾತ್ರಿ ಅಲ್ಲೇ ಉಳಿಯುತ್ತೇನೆ ಎಂದಿದ್ದಳು. ತಾಯಿ ಹೂಂ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೊದೆಯುವ ಕೌದಿಯೊಂದನ್ನು ಕೊಡವಿ ಇಳಿಬಿಸಿಲಿಗೆ ಹಾಕಿದಳು.

ಬಸ್ಸಿನಲ್ಲಿ ಜವಾನ ಕೇಳಿದ:

"ಅಕ್ಕಾರ, ನಮ್ಮಕ್ಕ ನಂಬಿದ್ಳೇನ್ರಿ?"

"ನಾ ಕೇಳಿಲ್ಲಪ್ಪ."

"ಕೇಳೂದು ಬ್ಯಾಡ ಬಿಡ್ರಿ" ಎಂದು ಅವನು ಕಂಡಕ್ಟರನ ಕಡೆ ಕೈ ಮಾಡಿ, ಎರಡು ಕುಷ್ಟಗಿ ಎಂದ.